ಸೆರೆಸಿಕ್ಕ ಸಿಪಾಯಿಯ ಜಾಡು: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಾತನ ತಮ್ಮ 1942ರಲ್ಲಿ ಸಿಂಗಪುರದಲ್ಲಿ ಜಪಾನೀಯರ ಕೈಗೆ ಸೆರೆಸಿಕ್ಕವರು. ಕಂಪ್ಲಿ ಕಡೆಯ ಹಳ್ಳಿಯಿಂದ ಹೋದವರು ಮತ್ತೆ ಊರು ಕಾಣಲಿಲ್ಲ. ಅವರ ಜಾಡು ಹಿಡಿದು ನಾನು ಅಲೆದಾಡಿದ ಸುದ್ದಿ ಹರಡಿದ ಮೇಲೆ ಮದುವೆ ಮನೆಯಲ್ಲಿ, ಹುಲಿಗಿ ಜಾತ್ರೆಯಲ್ಲಿ, ಗಂಗಾವತಿ ಬಸ್ಸಿನಲ್ಲಿ ಜನ ಹಿಡಿದು ನಿಲ್ಲಿಸಿ ಕೇಳತೊಡಗಿದರು. ಕೆಲವರು ಕಾಗದ ಬರೆದರು. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಶುರು ಮಾಡುವವರಿಗೆ

ನಮ್ಮ ತಾತ ಮಿಲ್ಟ್ರಿಗೆ ಹೋಗಿ ವಾಪಸ್ ಬರಲೇ ಇಲ್ಲ. ಎಲ್ಲಿಂದ ಶುರು ಮಾಡ್ಬೇಕು?

ನಿಮ್ಮ ಮನೆಯ ಅತಿ ಹಿರಿಯ ಹೆಂಗಸಿನಿಂದ. ಇದನ್ನು ನಾನು ಬಹಳ ಯೋಚಿಸಿಯೇ ಹೇಳುತ್ತಿದ್ದೇನೆ. ಗಂಡಸರಿಗೆ ಯುದ್ಧದ ಹೆಸರು ನೆನಪಿರುತ್ತದೆ, ಹೆಂಗಸರಿಗೆ ಮನಿಯಾರ್ಡರ್ ಯಾವ ತಿಂಗಳು ನಿಂತಿತು ಅನ್ನುವುದು ನೆನಪಿರುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಹಣ ಎಲ್ಲಿಯವರೆಗೆ ಬಂತು, ಕೊನೆಯ ಕಾಗದ ಮಳೆಗಾಲಕ್ಕೆ ಮುಂಚೆಯೋ ಆಮೇಲೋ, ಟಪಾಲಿನವನು ಬಂದು ಏನು ಓದಿ ಹೇಳಿದ, ಕುಂಕುಮ ಅಳಿಸಿದ್ದು ಯಾವಾಗ, ಇಲ್ಲ ಅಳಿಸಲೇ ಇಲ್ಲವೋ. ಕೇಳುವಾಗ ಅವಸರ ಬೇಡ. ಒಂದು ದಿನ ಹೇಳದ ಮಾತನ್ನು ಇನ್ನೊಂದು ದಿನ ಹೇಳುತ್ತಾರೆ.

ಆಮೇಲೆ ಟ್ರಂಕು ತೆಗೆಯಿರಿ. ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಕಾಗದ, ತಾರು, ಮನಿಯಾರ್ಡರಿನ ಕೂಪನ್ನು, ಫೋಟೋದ ಹಿಂದಿನ ಬರಹ, ಯಾವುದಾದರೂ ಆಗಬಹುದು. ನೀವು ಹುಡುಕಬೇಕಾದ್ದು ಐದು: ಸಿಪಾಯಿ ನಂಬರು, ಹೆಸರು, ತಂದೆ ಹೆಸರು, ಊರು, ಪಡೆಯ ಹೆಸರು. ಇದರಲ್ಲಿ ನಂಬರೂ ಪಡೆಯ ಹೆಸರೂ ಜೊತೆಯಾಗಿ ಸಿಕ್ಕರೆ ಅರ್ಧ ದಾರಿ ಸವೆದ ಹಾಗೆ. ಬರೀ ನಂಬರು ಸಾಲದು. ಆಗಿನ ಕಾಲದಲ್ಲಿ ಒಂದೊಂದು ರೆಜಿಮೆಂಟೂ ತನ್ನದೇ ನಂಬರು ಕೊಡುತ್ತಿತ್ತು, ಅದೇ ನಂಬರಿನ ಇನ್ನೊಬ್ಬ ಸಿಪಾಯಿ ಇನ್ನೊಂದು ಪಡೆಯಲ್ಲಿ ಇರುತ್ತಿದ್ದ.

ಮನೇಲಿ ಒಂದು ಚೀಟೀನೂ ಉಳಿದಿಲ್ಲ, ಮೆಡಲ್ ಒಂದೇ ಇದೆ. ಅದರಿಂದ ಏನಾದ್ರೂ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಮೊದಲ ಮಹಾಯುದ್ಧದ ಪದಕವಾದರೆ ಅದರ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ. ನಂಬರು, ಹುದ್ದೆ, ಹೆಸರು, ಪಡೆ ಅಂಚಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕೊರೆದಿರುತ್ತದೆ. ‘ಬ್ರಿಟಿಷ್ ವಾರ್ ಮೆಡಲ್’ ಎಂಬ ಪದಕ ಬೆಳ್ಳಿಯ ಬದಲು ಕಂಚಿನದಾದರೆ ನಿಮ್ಮ ಹಿರಿಯರು ಬಂದೂಕು ಹಿಡಿದವರಲ್ಲ, ಪಡೆಯ ಹಿಂದೆ ಕೂಲಿಯಾಗಿಯೋ ಬೇರೆ ಕೆಲಸಕ್ಕೋ ಹೋದವರು ಇರಬಹುದು. ಅವರೂ ಸೆರೆಸಿಕ್ಕಿದ್ದಾರೆ, ಅವರೂ ಸತ್ತಿದ್ದಾರೆ.

ಎರಡನೇ ಮಹಾಯುದ್ಧದ ಆರು ಮೊನೆಯ ನಕ್ಷತ್ರವಾದರೆ ಅದರ ಮೇಲಿನ ಹೆಸರು ಓದಿಸಿ. ಆಫ್ರಿಕಾ ಸ್ಟಾರ್, ಬರ್ಮಾ ಸ್ಟಾರ್, ಪೆಸಿಫಿಕ್ ಸ್ಟಾರ್ ಎಂದೆಲ್ಲ ಇರುತ್ತದೆ. ಮಲಯ (ಇಂದಿನ ಮಲೇಷ್ಯಾದ ಭಾಗ), ಸಿಂಗಪುರದಲ್ಲಿ ಕಾದಾಡಿದವರಿಗೆ ಕೊಟ್ಟದ್ದು ಪೆಸಿಫಿಕ್ ಸ್ಟಾರ್. ದಯವಿಟ್ಟು ಪದಕಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಂಚಿನ ಅಕ್ಷರ ಸವೆದು ಹೋಗುತ್ತದೆ.

ತಾರಿನಲ್ಲಿ ‘ಮಿಸ್ಸಿಂಗ್’ ಅಂತ ಬಂದಿತ್ತಂತೆ. ಹಂಗಂದ್ರೆ ತೀರಿಕೊಂಡ್ರು ಅಂತಾನಾ?

ಅಲ್ಲ. ಎಣಿಕೆಯ ಹೊತ್ತಿಗೆ ಆ ಸಿಪಾಯಿ ಸಿಗಲಿಲ್ಲ, ಸತ್ತದ್ದನ್ನು ಕಂಡವರೂ ಇಲ್ಲ, ಅಷ್ಟೇ ಅದರ ಅರ್ಥ. ಎಷ್ಟೋ ಮನೆಗಳಿಗೆ ಆಮೇಲೆ ಎರಡನೇ ಕಾಗದ ಬಂದಿದೆ: ಸೆರೆಯಲ್ಲಿದ್ದಾರೆಂದು ನಂಬಲಾಗಿದೆ ಎಂದೋ, ಸತ್ತಿದ್ದಾರೆಂದು ಭಾವಿಸಲಾಗಿದೆ ಎಂದೋ. ಹಳ್ಳಿಯಲ್ಲಿ ಮೊದಲ ತಾರು ನೆನಪಿನಲ್ಲಿ ಉಳಿದು ಎರಡನೆಯದು ಮರೆತಿರುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಹಾಗಾಗಿ ಒಂದೇ ತಾರನ್ನು ಹಿಡಿದು ಕೊನೆಯ ತೀರ್ಮಾನಕ್ಕೆ ಬರಬೇಡಿ.

ಬಳ್ಳಾರಿ ಡಿಸಿ ಆಫೀಸಿಗೆ ಹೋದ್ರೆ ಎಲ್ಲ ಸಿಗುತ್ತಲ್ವಾ?

ಸಿಗುವುದಿಲ್ಲ. ನಮ್ಮ ಭಾಗದವರು ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದ ಸಂಗತಿ ಇದು: ಆ ಕಾಲದಲ್ಲಿ ನಿಮ್ಮ ಊರು ಯಾರ ಆಳ್ವಿಕೆಯಲ್ಲಿತ್ತು? ಇವತ್ತು ಒಂದು ಗಂಟೆಯ ಬಸ್ ದಾರಿಯಲ್ಲಿರುವ ಊರುಗಳು ಆಗ ಮೂರು ಸರಕಾರಗಳಿಗೆ ಸೇರಿದ್ದವು. ಬಳ್ಳಾರಿ, ಹೊಸಪೇಟೆ, ಕಂಪ್ಲಿ, ಸಿರುಗುಪ್ಪ ಮದ್ರಾಸ್ ಪ್ರಾಂತ್ಯದಲ್ಲಿದ್ದು ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ. ಸಂಡೂರು ಘೋರ್ಪಡೆಯವರ ಸಂಸ್ಥಾನ. ಹೊಳೆಯಾಚೆ ರಾಯಚೂರು, ಕೊಪ್ಪಳ, ಗಂಗಾವತಿ ನಿಜಾಮರ ರಾಜ್ಯ, ಅದರಲ್ಲೂ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಆದೋನಿ, ಆಲೂರು, ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದು ಈಗ ಆಂಧ್ರದಲ್ಲಿವೆ.

ಆದ್ದರಿಂದ ಬಳ್ಳಾರಿ ಕಡೆಯ ಹಳೆಯ ಸರಕಾರಿ ಕಡತ ಹುಡುಕುವವರು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ರಾಯಚೂರು, ಕೊಪ್ಪಳದವರ ದಾರಿ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದ ಕಡೆಗೆ. ಅಲ್ಲಿಯ ಕಡತಗಳಲ್ಲಿ ಬಹುಪಾಲು ಉರ್ದುವಿನಲ್ಲಿವೆ. ನಿಮ್ಮೂರಿನ ಮಸೀದಿಯ ಹತ್ತಿರ ಉರ್ದು ಓದಬಲ್ಲ ಹಿರಿಯರು ಇದ್ದೇ ಇರುತ್ತಾರೆ. ಫೋಟೋ ತೆಗೆದುಕೊಂಡು ಬಂದು ಅವರ ಹತ್ತಿರ ಓದಿಸಿ, ನನಗೆ ಅಂಥವರಿಂದ ಆದಷ್ಟು ಸಹಾಯ ಬೇರೆಲ್ಲೂ ಆಗಿಲ್ಲ.

ಜಿಲ್ಲೆಯ ಮಟ್ಟದಲ್ಲಿ ಉಪಯೋಗಕ್ಕೆ ಬರುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ. ಎರಡನೇ ಮಹಾಯುದ್ಧದ ಸಿಪಾಯಿಗಳಿಗೆ, ಅವರ ವಿಧವೆಯರಿಗೆ ಸಹಾಯಧನ ಬಂದಿದ್ದರೆ ಅದರ ಕಾಗದ ಅಲ್ಲಿ ಹಾದು ಹೋಗಿರುತ್ತದೆ.

ನಾವು ರಾಯಚೂರಿನವ್ರು. ನಮ್ಮ ಮುತ್ಯಾ ‘ಹೈದರಾಬಾದ್ ರೆಜಿಮೆಂಟ್’ ಅಂತ ಕೇಳಿದೀವಿ. ಅದು ಸಿಂಗಪುರದಲ್ಲಿತ್ತಲ್ಲ?

ಇಲ್ಲಿ ಬಹಳ ಜನ ಎಡವುತ್ತಾರೆ. ಹೈದರಾಬಾದ್ ಹೆಸರಿನ ಎರಡು ಬೇರೆ ಪಡೆಗಳಿದ್ದವು. 19ನೇ ಹೈದರಾಬಾದ್ ರೆಜಿಮೆಂಟ್ ಬ್ರಿಟಿಷ್ ಇಂಡಿಯಾದ ಸೇನೆಯದು. ಹೆಸರು ಮಾತ್ರ ನಮ್ಮ ಕಡೆಯದು, ಸೇರಿದವರು ಹೆಚ್ಚಾಗಿ ಕುಮಾವೂಂ ಬೆಟ್ಟದವರು, ಅಹಿರರು, ಜಾಟರು. 1945ರಲ್ಲಿ ಅದರ ಹೆಸರನ್ನೇ ಕುಮಾವೂಂ ರೆಜಿಮೆಂಟ್ ಎಂದು ಬದಲಿಸಿದರು, ಅದರ ಕೇಂದ್ರ ರಾಣಿಖೇತದಲ್ಲಿದೆ. ಅದರ 4ನೇ ಬೆಟಾಲಿಯನ್ ಮಲಯದಲ್ಲಿ ಹೋರಾಡಿದ್ದು ನಿಜ.

ಇನ್ನೊಂದು ನಿಜಾಮರ ಸ್ವಂತ ಸೇನೆಯ 1ನೇ ಹೈದರಾಬಾದ್ ಇನ್ಫೆಂಟ್ರಿ. 1941ರ ಡಿಸೆಂಬರ್ 8ರಂದು ಜಪಾನೀಯರು ಮಲಯದ ಕೋಟಾ ಬಾರುವಿನಲ್ಲಿ ದಡ ಹತ್ತಿದಾಗ ಅಲ್ಲಿಯ ವಿಮಾನ ನಿಲ್ದಾಣದ ಕಾವಲಿಗೆ ಇದ್ದದ್ದು ಈ ಪಡೆ. ರಾಯಚೂರು, ಕೊಪ್ಪಳದ ಮನೆಗಳವರು ಮೊದಲು ನೋಡಬೇಕಾದದ್ದು ಇದನ್ನು. ಮೈಸೂರು ಮಹಾರಾಜರ 1ನೇ ಮೈಸೂರು ಇನ್ಫೆಂಟ್ರಿಯೂ ಸಿಂಗಪುರದಲ್ಲಿತ್ತು. ಬಳ್ಳಾರಿಯಿಂದ ಗಡಿ ದಾಟಿ ಹೋಗಿ ಅದಕ್ಕೆ ಸೇರಿದವರೂ ಇದ್ದಿರಬಹುದು, ಆ ಬಾಗಿಲನ್ನೂ ತೆರೆದಿಡಿ.

## ಹೆಸರು, ನಂಬರು, ಕಚೇರಿ

ತಾತನ ಹೆಸರು ಹಾಕಿ ಎಷ್ಟು ಹುಡುಕಿದ್ರೂ ಬರ್ತಿಲ್ಲ. ಲಿಸ್ಟಿನಲ್ಲೇ ಇಲ್ವಾ?

ಇದ್ದಾರೆ, ಬೇರೆ ಹೆಸರಿನಲ್ಲಿ ಕೂತಿದ್ದಾರೆ. ಭರ್ತಿಯ ದಿನ ನಮ್ಮ ಹುಡುಗ ಹೇಳಿದ್ದನ್ನು ತಮಿಳು ಬಲ್ಲ ಗುಮಾಸ್ತ ಕೇಳಿ ಇಂಗ್ಲಿಷಿನಲ್ಲಿ ಬರೆದಿರುತ್ತಾನೆ. ನಮ್ಮ ಕಡೆ ‘ಹ’ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಹನುಮಂತ ಅನುಮಂತನಾಗುತ್ತಾನೆ, ಹುಲಿಗೆಪ್ಪ ಉಲಿಗಪ್ಪನಾಗುತ್ತಾನೆ. ನಮ್ಮ ಸಣ್ಣ ತಾತ ಹುಲಿಗೆಪ್ಪನವರನ್ನು ನಾನು ಎರಡು ವರ್ಷ ಎಚ್ ಅಕ್ಷರದ ಅಡಿ ಹುಡುಕಿದೆ, ಅವರು ಯು ಅಕ್ಷರದ ಅಡಿ ಇದ್ದರು. ಯಲ್ಲಪ್ಪನನ್ನು ವೈ ಅಕ್ಷರದಲ್ಲೂ ಇ ಅಕ್ಷರದಲ್ಲೂ ನೋಡಿ. ಈರಣ್ಣ ವೀರಣ್ಣನಾಗಿರಬಹುದು. ಪಂಪಾಪತಿಯ ‘ಪ’ ಕೆಲವೆಡೆ ‘ಬ’ ಆಗಿದೆ. ಅಪ್ಪನ ಹೆಸರೇ ಮಗನ ಹೆಸರಾಗಿ ಕೂತದ್ದೂ ಉಂಟು, ಅಡ್ಡಹೆಸರು ಮುಂದೆ ಬಂದದ್ದೂ ಉಂಟು.

ಊರಿನ ಹೆಸರಲ್ಲೂ ಇದೇ ಪಾಡು. ಬಳ್ಳಾರಿಯನ್ನು ಬೆಲ್ಲರಿ ಎಂದು, ಹೊಸಪೇಟೆಯನ್ನು ಹಾಸ್ಪೆಟ್ ಎಂದು, ಕೊಪ್ಪಳವನ್ನು ಕೊಪ್ಬಾಲ್ ಎಂದು ಬರೆಯುತ್ತಿದ್ದರು. ನನ್ನ ಅನುಭವದಲ್ಲಿ ಸಿಪಾಯಿಯ ಹೆಸರು ಬಿಟ್ಟು ಊರಿನ ಹೆಸರು, ತಂದೆಯ ಹೆಸರು ಹಿಡಿದು ಹುಡುಕಿದವರಿಗೆ ಬೇಗ ಸಿಕ್ಕಿದೆ.

ಸೇನೆಗೆ ಅರ್ಜಿ ಹಾಕಿದ್ದಕ್ಕೆ ‘ಕಡತ ನಾಶ ಮಾಡಲಾಗಿದೆ’ ಅಂತ ಉತ್ತರ ಬಂತು. ಅಲ್ಲಿಗೆ ಮುಗೀತಾ?

ಮುಗಿಯಲಿಲ್ಲ. ಪಿಂಚಣಿ ಪಡೆಯದ ಸಿಪಾಯಿಗಳ ಸೇವಾ ಕಡತವನ್ನು 25 ವರ್ಷದ ನಂತರ ನಾಶ ಮಾಡುವ ನಿಯಮ ಸೇನೆಯಲ್ಲಿದೆ, ಆ ಉತ್ತರ ಸುಳ್ಳಲ್ಲ. ಆದರೆ ಪ್ರತಿ ಪಡೆಯ ದಾಖಲೆ ಕಚೇರಿಯಲ್ಲೂ ‘ಲಾಂಗ್ ರೋಲ್’ ಎನ್ನುವ ದೊಡ್ಡ ವಹಿ ಇರುತ್ತದೆ. ಸೇರಿದ ತಾರೀಕು, ಬಿಟ್ಟ ತಾರೀಕು, ಬಿಟ್ಟ ಕಾರಣ ಒಂದೇ ಸಾಲಿನಲ್ಲಿ ಬರೆದಿಟ್ಟ ವಹಿ ಅದು. ಅದನ್ನು ಉಳಿಸಿಕೊಳ್ಳುತ್ತಾರೆ. ಎರಡನೇ ಅರ್ಜಿಯಲ್ಲಿ ಸೇವಾ ಕಡತ ಎಂದು ಕೇಳದೆ ‘ಲಾಂಗ್ ರೋಲಿನಲ್ಲಿ ಈ ಸಿಪಾಯಿಯ ನಮೂದಿನ ನಕಲು’ ಎಂದು ಸ್ಪಷ್ಟವಾಗಿ ಕೇಳಿ.

ನಮ್ಮ ಭಾಗದವರಿಗೆ ಸಾಮಾನ್ಯವಾಗಿ ಬೇಕಾಗುವ ಕಚೇರಿಗಳು ಇವು. ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲಿಂಗ್ಟನ್, ಮರಾಠಾ ಲೈಟ್ ಇನ್ಫೆಂಟ್ರಿಗೆ ಬೆಳಗಾವಿ. ಪಯೋನಿಯರ್ ಕೋರಿನ ಕೇಂದ್ರವೂ ಬೆಂಗಳೂರಿನಲ್ಲೇ. ಮೊದಲ ಮಹಾಯುದ್ಧದ ‘ಕರ್ನಾಟಿಕ್ ಇನ್ಫೆಂಟ್ರಿ’ ಪಡೆಗಳನ್ನು 1920ರ ದಶಕದಲ್ಲಿ ಮುಚ್ಚಿದರು, ಆ ಹೆಸರಿನ ಕಚೇರಿಯನ್ನು ಹುಡುಕುತ್ತಾ ಹೋಗಬೇಡಿ.

ಮೊದಲು ಮರ್ಯಾದೆಯ ಒಂದು ಪತ್ರ ಬರೆಯಿರಿ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಅದಕ್ಕೆ 30 ದಿನದ ಗಡುವು ಇದೆ. ಸಂಬಂಧ ತೋರಿಸುವ ವಂಶವೃಕ್ಷವನ್ನು ನಾಡಕಚೇರಿಯಿಂದ ಪಡೆದು ಜೊತೆಗಿಡಿ. ನನ್ನ ಒಂದು ಅರ್ಜಿ ಒಂದು ಕಚೇರಿಯಲ್ಲಿ ಹನ್ನೊಂದು ತಿಂಗಳು ಕೂತಿತ್ತು, ವಂಶವೃಕ್ಷ ಸೇರಿಸಿ ಮತ್ತೆ ಕಳಿಸಿದ ಮೇಲೆ ಹದಿನೈದು ದಿನದಲ್ಲಿ ಉತ್ತರ ಬಂತು.

ಲಂಡನ್ನಿಗೆ ಬರೆದ್ರೆ ಸಿಗುತ್ತೆ ಅಂತಾರಲ್ಲ?

ಭಾರತೀಯ ಸಿಪಾಯಿಗಳ ವೈಯಕ್ತಿಕ ಕಡತ ಲಂಡನ್ನಿಗೆ ಹೋಗಲಿಲ್ಲ, ಇಲ್ಲೇ ಉಳಿಯಿತು. ಅಲ್ಲಿ ಇರುವುದು ಪಡೆಗಳ ದಿನಚರಿ, ಯುದ್ಧಕೈದಿಗಳ ಬಗ್ಗೆ ಸರಕಾರದ ಪತ್ರವ್ಯವಹಾರ, ಸಿಪಾಯಿಗಳ ಕಾಗದ ತೆರೆದು ಓದಿದ ಸೆನ್ಸಾರ್ ವರದಿಗಳು. ಪಡೆಯ ಹೆಸರು ಖಚಿತವಾದ ಮೇಲೆ ಅವು ಬಹಳ ಉಪಯೋಗ. ಅದಕ್ಕೂ ಮುಂಚೆ ದುಡ್ಡು ಸುರಿಯಬೇಡಿ. ‘ಪದಕ ತರಿಸುತ್ತೇವೆ, ಪಿಂಚಣಿ ಮಾಡಿಸುತ್ತೇವೆ’ ಎಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ರೆಡ್ ಕ್ರಾಸಿನವರ ಹತ್ರ ಎಲ್ಲ ಕೈದಿಗಳ ಪಟ್ಟಿ ಇರುತ್ತಂತೆ, ಹೌದಾ?

ಯಾವ ಯುದ್ಧ, ಯಾರ ಸೆರೆ ಅನ್ನುವುದರ ಮೇಲಿದೆ. ಮೊದಲ ಮಹಾಯುದ್ಧದ ಕೈದಿಗಳ ಕಾರ್ಡುಗಳನ್ನು ಜಿನೀವಾದ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಭಾರತೀಯರು ಅಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪಡೆಗಳ ಜೊತೆ ಸೇರಿಕೊಂಡಿದ್ದಾರೆ. ಎರಡನೇ ಮಹಾಯುದ್ಧದ ವಿವರಕ್ಕೆ ಅರ್ಜಿ ಹಾಕಬೇಕು, ಅದನ್ನೂ ವರ್ಷದಲ್ಲಿ ಕೆಲವೇ ದಿನ, ಇಷ್ಟೇ ಅರ್ಜಿ ಎಂದು ಮಿತಿ ಹಾಕಿ ತೆಗೆದುಕೊಳ್ಳುತ್ತಾರೆ. ಜರ್ಮನಿ, ಇಟಲಿಯ ಸೆರೆಯಾದರೆ ಹೆಸರು ಸಿಗುವ ಭರವಸೆ ಚೆನ್ನಾಗಿದೆ.

ಜಪಾನಿನ ಸೆರೆಯ ಕಥೆ ಬೇರೆ. 1929ರ ಜಿನೀವಾ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿತು, ಅನುಮೋದಿಸಲಿಲ್ಲ. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ ಸಾವಿರಾರು ಭಾರತೀಯರನ್ನು ಅವರು ಯುದ್ಧಕೈದಿಗಳೆಂದೇ ಲೆಕ್ಕಕ್ಕೆ ತೆಗೆದುಕೊಳ್ಳದೆ ‘ತಮ್ಮ ಕಡೆ ಬಂದ ಕೆಲಸದಾಳುಗಳು’ ಎಂದರು. ಯುದ್ಧ ಮುಗಿದ ಮೇಲೆ ವಿಚಾರಣೆಯ ಕೋರ್ಟಿನಲ್ಲೂ ಇದೇ ವಾದ ಹೂಡಿದರು. ಕೈದಿಯಲ್ಲ ಎಂದ ಮೇಲೆ ಪಟ್ಟಿ ಎಲ್ಲಿಂದ? ನಿಮ್ಮ ತಾತನ ಹೆಸರು ಜಿನೀವಾದಲ್ಲಿ ಇಲ್ಲದಿದ್ದರೆ ಅವರು ಸೆರೆಯಲ್ಲಿರಲಿಲ್ಲ ಎಂದು ತಿಳಿಯಬೇಡಿ. ಬರೆಯಬೇಕಾದವರು ಬರೆಯಲಿಲ್ಲ.

ಸತ್ತವರ ಪಟ್ಟಿ ಎಲ್ಲಿ ನೋಡಬಹುದು?

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ, ಉಚಿತವಾಗಿ. ಮೊದಲ ಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31, ಈ ಅವಧಿಯಲ್ಲಿ ಸೇವೆಯಲ್ಲಿದ್ದು ಸತ್ತವರು ಅಲ್ಲಿದ್ದಾರೆ. ಬಿಡುಗಡೆಯಾಗಿ ಮನೆಗೆ ಬಂದು ಹತ್ತು ವರ್ಷ ಬದುಕಿದವರು ಇರುವುದಿಲ್ಲ. ಸಿಪಾಯಿಯ ಹೆಸರಿನ ಕೆಳಗೆ ಎಷ್ಟೋ ಕಡೆ ‘ಇಂಥವರ ಮಗ, ಇಂಥ ಹಳ್ಳಿ, ಬೆಲ್ಲರಿ ಜಿಲ್ಲೆ’ ಎಂಬ ಒಂದು ಸಾಲು ಇರುತ್ತದೆ. ನಮ್ಮವರನ್ನು ಗುರುತಿಸುವುದು ಆ ಸಾಲಿನಿಂದ.

## ಸೆರೆಯಲ್ಲಿ ಏನಾಯಿತು

ಸಿಂಗಪುರದಲ್ಲಿ ಹಿಡಿದ ಮೇಲೆ ಅವರನ್ನ ಎಲ್ಲಿಗೆ ಕರ್ಕೊಂಡು ಹೋದ್ರು?

1942ರ ಫೆಬ್ರುವರಿ 15ಕ್ಕೆ ಸಿಂಗಪುರ ಶರಣಾಯಿತು. ಎರಡು ದಿನದ ನಂತರ ಫೆರರ್ ಪಾರ್ಕ್ ಮೈದಾನದಲ್ಲಿ ಬ್ರಿಟಿಷ್ ಅಧಿಕಾರಿಗಳನ್ನು ಬೇರೆ ಮಾಡಿ 40,000ಕ್ಕೂ ಹೆಚ್ಚು ಭಾರತೀಯ ಸಿಪಾಯಿಗಳನ್ನು ಜಪಾನೀಯರಿಗೆ ಒಪ್ಪಿಸಿದರು. ಬಿಡಾದರಿ, ನೀ ಸೂನ್, ಸೆಲೆಟರ್ ಮುಂತಾದ ಕ್ಯಾಂಪುಗಳಲ್ಲಿ ಇಟ್ಟರು. ಆಜಾದ್ ಹಿಂದ್ ಫೌಜಿಗೆ ಸೇರದವರಲ್ಲಿ ಸಾವಿರಾರು ಜನರನ್ನು 1943ರಲ್ಲಿ ಹಡಗುಗಳ ತಳದಲ್ಲಿ ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್, ಬೋರ್ನಿಯೋ ದ್ವೀಪಗಳ ಕಡೆಗೆ ಸಾಗಿಸಿದರು. ರನ್‌ವೇ ಕಟ್ಟುವುದು, ಹಡಗಿನ ಸಾಮಾನು ಇಳಿಸುವುದು, ಸುರಂಗ ತೋಡುವುದು ಅವರ ಕೆಲಸ. ಹಸಿವು, ಬೆರಿಬೆರಿ, ಮಲೇರಿಯಾ, ಹೊಡೆತ, ಮೇಲಿಂದ ತಮ್ಮದೇ ಕಡೆಯ ವಿಮಾನಗಳ ಬಾಂಬು. ನ್ಯೂ ಗಿನಿಯ ವೆವಾಕಿಗೆ ಹೋದ ಸುಮಾರು 3,000 ಜನರಲ್ಲಿ ಉಳಿದವರು ಕೆಲವೇ ನೂರು. ಅಲ್ಲಿಂದ ಬದುಕಿ ಬಂದ ಅಧಿಕಾರಿ ಚಿಂತ್ ಸಿಂಗ್ ಯುದ್ಧಾಪರಾಧದ ವಿಚಾರಣೆಯಲ್ಲಿ ಸಾಕ್ಷಿ ನುಡಿದರು. ಅವರ ಜೊತೆ ಉಳಿದಿದ್ದ ಹತ್ತು ಸಿಪಾಯಿಗಳು 1945ರ ನವೆಂಬರಿನಲ್ಲಿ ಮನೆಗೆ ಹೊರಟಾಗ ವಿಮಾನ ಬಿದ್ದು ಸತ್ತರು.

ಈ ದ್ವೀಪಗಳಲ್ಲಿ ಉಳಿದವರನ್ನು ಬಿಡಿಸಿದ್ದು ಆಸ್ಟ್ರೇಲಿಯಾದ ಸೇನೆ. ಆದ್ದರಿಂದ ನಾವು ಯಾರೂ ಯೋಚಿಸದ ಕಡೆ ದಾಖಲೆ ಇದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಎ471 ಎಂಬ ಸರಣಿಯಲ್ಲಿ ಯುದ್ಧಾಪರಾಧ ವಿಚಾರಣೆಗಳ ಕಡತಗಳಿವೆ, ಮನೆಯಲ್ಲೇ ಕೂತು ಓದಬಹುದು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನಲ್ಲಿ ಬಿಡುಗಡೆಯಾದ ಭಾರತೀಯರ ಫೋಟೋಗಳಿವೆ. ಎಲುಬು ಗೂಡಾದ ಆ ಮುಖಗಳ ನಡುವೆ ನಮ್ಮವರನ್ನು ಹುಡುಕುತ್ತಾ ಕೂತ ರಾತ್ರಿಗಳಲ್ಲಿ ನನಗೆ ಊಟ ಸೇರಿಲ್ಲ. ಮೊದಲ ಸಲ ನೋಡುವಾಗ ಮನೆಯಲ್ಲಿ ಯಾರಾದರೂ ಜೊತೆಗಿರಲಿ.

ನಮ್ಮ ತಾತ ನೇತಾಜಿ ಫೌಜಿಗೆ ಸೇರಿದ್ರಾ ಇಲ್ವಾ ಅಂತ ಹೆಂಗೆ ತಿಳ್ಕೊಳ್ಳೋದು? ಸೇರಿಲ್ಲ ಅಂದ್ರೆ ಊರಲ್ಲಿ ಮರ್ಯಾದೆ ಹೋಗಲ್ವಾ?

ಮೊದಲರ್ಧಕ್ಕೆ ಮೊದಲು ಉತ್ತರ. 1945–46ರಲ್ಲಿ ವಾಪಸಾದ ಪ್ರತಿಯೊಬ್ಬ ಕೈದಿಯನ್ನೂ ವಿಚಾರಿಸಿ ಬಿಳಿ, ಬೂದು, ಕಪ್ಪು ಎಂದು ಮೂರು ಬಣ್ಣ ಹಚ್ಚಿದರು. ಫೌಜಿಗೆ ಸೇರದವರು ಬಿಳಿ, ‘ಒತ್ತಡಕ್ಕೋ ಮಾತಿಗೋ ಮರುಳಾದವರು’ ಬೂದು, ಮನಸಾರೆ ಸೇರಿದವರು ಕಪ್ಪು. ಡಿಸ್ಚಾರ್ಜ್ ಕಾಗದದಲ್ಲಿ ಈ ಸುಳಿವು ಇರಬಹುದು. ಕಪ್ಪು ಎಂದಾದವರಿಗೆ ಸೆರೆಯ ಅವಧಿಯ ಸಂಬಳ ಮುಟ್ಟುಗೋಲಾಯಿತು. ‘ಯುದ್ಧ ಮುಗಿಸಿ ಬಂದರೂ ತಾತನಿಗೆ ದುಡ್ಡೇ ಕೊಡಲಿಲ್ಲವಂತೆ’ ಎಂಬ ಮಾತು ಮನೆಯಲ್ಲಿದ್ದರೆ ಈ ಕಡೆ ನೋಡಿ. ಕಲ್ಕತ್ತೆ ಬಳಿಯ ಝಿಂಗರ್‌ಗಾಚಾ, ನೀಲ್‌ಗಂಜ್, ದಿಲ್ಲಿ ಬಳಿಯ ಬಹಾದುರ್‌ಗಢ ಎಂಬ ಹೆಸರು ಯಾರ ಬಾಯಲ್ಲಾದರೂ ಬಂದರೆ ಅದೂ ಗುರುತೇ, ಫೌಜಿನವರನ್ನು ಇಟ್ಟಿದ್ದ ಕ್ಯಾಂಪುಗಳವು. ಫೌಜಿನ ಕಾಗದಪತ್ರಗಳು ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ‘ಅಭಿಲೇಖ ಪಟಲ್’ ಎಂಬ ಅದರ ಜಾಲತಾಣದಲ್ಲಿ ಸೂಚಿ ನೋಡಬಹುದು. 1972ರಿಂದ ಸ್ವಾತಂತ್ರ್ಯ ಹೋರಾಟಗಾರರ ಕೇಂದ್ರ ಪಿಂಚಣಿ ಬಂತು, ಫೌಜಿನವರಿಗೂ ಅದು ಸಿಕ್ಕಿತು. ಅರ್ಜಿಯ ಜೊತೆ ಸೆರೆಯಲ್ಲಿದ್ದ ಜೊತೆಗಾರರ ಪ್ರಮಾಣಪತ್ರ ಇಡುತ್ತಿದ್ದರು. ಆ ಕಡತ ಸಿಕ್ಕರೆ ಬೇರೆ ನಾಲ್ಕು ಜನರ ಸುದ್ದಿಯೂ ಸಿಗುತ್ತದೆ.

ಇನ್ನು ಮರ್ಯಾದೆಯ ಮಾತು. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸೇರಿದವರು ದೇಶ ಬಿಡಿಸಲು ಹೋಗಿ ಇಂಫಾಲಿನ ಮಳೆಯಲ್ಲಿ ಸತ್ತರು, ಬದುಕಿ ಬಂದವರಿಗೆ ಸ್ವತಂತ್ರ ಭಾರತದ ಸೇನೆಯಲ್ಲಿ ಮತ್ತೆ ಜಾಗ ಸಿಗಲಿಲ್ಲ. ಸೇರದವರು ಉಪ್ಪು ತಿಂದ ಮಾತಿಗೆ ನಿಂತು ನ್ಯೂ ಗಿನಿಯ ಕೆಸರಿನಲ್ಲಿ ಸತ್ತರು. ಮಂಡ್ಯದವನೋ ಮಾನ್ವಿಯವನೋ, ಇಪ್ಪತ್ತು ವರ್ಷದ ಹುಡುಗ, ಭಾಷೆ ಗೊತ್ತಿಲ್ಲದ ಮೈದಾನದಲ್ಲಿ ನಿಂತು ಆ ದಿನ ಏನು ತೀರ್ಮಾನಿಸಿದನೋ ಅದನ್ನು ಇವತ್ತು ನಾವು ಕಟ್ಟೆಯ ಮೇಲೆ ಕೂತು ತೂಗುವುದು ತಪ್ಪು. ನಮ್ಮ ಸಣ್ಣ ತಾತ ಸೇರಲಿಲ್ಲ. ಅದನ್ನು ನಾನು ಎಲ್ಲರೆದುರು ಹೇಳುತ್ತೇನೆ. ಮನೆಯ ಹೆಸರಿಗಾಗಿ ಸೇರದವರನ್ನು ಸೇರಿದವರೆಂದು ಬರೆಸಬೇಡಿ, ಸೇರಿದವರನ್ನು ಮುಚ್ಚಿಡಲೂ ಬೇಡಿ.

ಸಯಾಮಿನ ಸಾವಿನ ರೈಲು ಕಟ್ಟೋಕೆ ಹಾಕಿದ್ರಂತೆ ನಮ್ಮವರನ್ನ?

ಸಿಪಾಯಿಯಾಗಿದ್ದರೆ ಸಾಧ್ಯತೆ ಕಡಿಮೆ. ಸಯಾಮಿನಿಂದ (ಇಂದಿನ ಥಾಯ್ಲೆಂಡ್) ಬರ್ಮಾಕ್ಕೆ ಜಪಾನೀಯರು ಕಟ್ಟಿಸಿದ ಆ ರೈಲಿಗೆ ಹಾಕಿದ ಯುದ್ಧಕೈದಿಗಳು ಮುಖ್ಯವಾಗಿ ಬ್ರಿಟಿಷರು, ಆಸ್ಟ್ರೇಲಿಯನ್ನರು, ಡಚ್ಚರು. ಅಲ್ಲಿ ಸತ್ತ ಭಾರತೀಯರಲ್ಲಿ ಬಹುಪಾಲು ಮಲಯದ ರಬ್ಬರ್ ತೋಟಗಳಿಂದ ಹಿಡಿದು ತಂದ ತಮಿಳು, ತೆಲುಗು ಕೂಲಿಯವರು. ನಿಮ್ಮ ಹಿರಿಯರು ಸೇನೆಯ ಬದಲು ತೋಟದ ಕೂಲಿಗೆ ಹೋಗಿದ್ದರೆ ಸೇನೆಯ ದಾಖಲೆಯಲ್ಲಿ ಹುಡುಕಿ ಫಲವಿಲ್ಲ. ಆ ರೈಲು ದಾರಿಯ ಕಾಂಚನಬುರಿ ಊರಿನ ಯುದ್ಧ ಸಮಾಧಿಗಳಲ್ಲೂ ಆ ಕೂಲಿಗಳ ಹೆಸರಿಲ್ಲ.

ಆಫ್ರಿಕಾದಲ್ಲಿ ಹಿಡಿದು ಇಟಲಿ, ಜರ್ಮನಿಗೆ ಒಯ್ದವರ ಕಥೆ ಏನು?

ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಪ್ರಶ್ನೆ ಬಂದರೆ ನಾನು ಮೊದಲು ಕೇಳುವುದು ‘ಬೆಳಗಾವಿಯಲ್ಲಿ ಭರ್ತಿಯಾದರಾ?’ ಎಂದು. 1942ರ ಜೂನ್ 21ಕ್ಕೆ ಉತ್ತರ ಆಫ್ರಿಕಾದ ಲಿಬಿಯಾದಲ್ಲಿರುವ ತೋಬ್ರೂಕ್ ಬಿದ್ದಾಗ ಸೆರೆಸಿಕ್ಕ 11ನೇ ಬ್ರಿಗೇಡಿನಲ್ಲಿ ಮರಾಠಾ ಲೈಟ್ ಇನ್ಫೆಂಟ್ರಿಯ 2ನೇ ಬೆಟಾಲಿಯನ್ ಇತ್ತು. ಅವರನ್ನು ಇಟಲಿಗೆ ಸಾಗಿಸಿದರು. ಅವೆಜಾನೋ ಊರಿನ ಕ್ಯಾಂಪಿನಲ್ಲಿ ಭಾರತೀಯರು ಬಹಳ ಇದ್ದರು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಕೈಚೆಲ್ಲಿದಾಗ ಕೆಲವರು ತಪ್ಪಿಸಿಕೊಂಡು ಬೆಟ್ಟ ಹತ್ತಿದರು, ಉಳಿದವರನ್ನು ಜರ್ಮನರು ಒಯ್ದರು. ಫ್ರಾನ್ಸಿನ ಎಪಿನಾಲ್ ಕ್ಯಾಂಪಿನ ಮೇಲೆ 1944ರ ಮೇ 11ರಂದು ಅಮೆರಿಕದ ವಿಮಾನಗಳು ಬಾಂಬು ಹಾಕಿ ಗೋಡೆ ಒಡೆದಾಗ ಓಡಿದವರಲ್ಲಿ ಸುಮಾರು 500 ಭಾರತೀಯರು ನಡೆದುಕೊಂಡೇ ಸ್ವಿಟ್ಜರ್ಲೆಂಡ್ ಮುಟ್ಟಿದರು. ನಿಮ್ಮ ತಾತ ‘ಹಿಮದ ದೇಶಕ್ಕೆ ನಡೆದು ಹೋದೆ’ ಎಂದಿದ್ದರೆ ಅದು ಕಟ್ಟುಕಥೆಯಲ್ಲ.

ಮುತ್ತಾತ ‘ಬಸ್ರಾ ಲಡಾಯಿ’ಗೆ ಹೋಗಿದ್ರು. ಅಷ್ಟು ಹಿಂದಿನದು ಸಿಗುತ್ತಾ?

ಸಿಗಬಹುದು. ಮೊದಲ ಮಹಾಯುದ್ಧದಲ್ಲಿ ಇಂದಿನ ಇರಾಕಿನ ಕುತ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕ ಪಡೆ 1916ರ ಏಪ್ರಿಲ್ 29ಕ್ಕೆ ತುರ್ಕರಿಗೆ ಶರಣಾಯಿತು. ಸುಮಾರು 13,000 ಜನ ಸೆರೆ, ಹೆಚ್ಚಿನವರು ಭಾರತೀಯರು. ಮರಳುಗಾಡಿನಲ್ಲಿ ನಡೆಸಿಕೊಂಡು ಹೋಗಿ ರಾಸ್ ಅಲ್ ಐನ್ ಕಡೆ ರೈಲು ಹಳಿಯ ಕೆಲಸಕ್ಕೆ ಹಾಕಿದರು. ಕುತ್‌ನಲ್ಲಿ ಸೆರೆಸಿಕ್ಕ ಪಡೆಗಳಲ್ಲಿ 103ನೇ, 110ನೇ, 117ನೇ ಮರಾಠಾ ಪಡೆಗಳಿದ್ದವು. ಬಸ್ರಾ ಸ್ಮಾರಕದ ಕಲ್ಲಿನ ಮೇಲೆ ಬಿಳಿಯರ ಹೆಸರು ಕೆತ್ತಿ ನಮ್ಮ ಸಾಮಾನ್ಯ ಸಿಪಾಯಿಗಳನ್ನು ಬರೀ ಸಂಖ್ಯೆಯಾಗಿ ಬರೆದರು. ಈ ಭೇದವನ್ನು ಸಮಾಧಿ ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ. ಕಲ್ಲಿನ ಫೋಟೋದಲ್ಲಿ ಹೆಸರಿಲ್ಲವೆಂದು ಬಿಡದೆ ಆಯೋಗದ ಜಾಲತಾಣದಲ್ಲಿ ನೋಡಿ.

ಬಳ್ಳಾರಿಯಲ್ಲೇ ತುರ್ಕಿ ಕೈದಿಗಳ ಕ್ಯಾಂಪ್ ಇತ್ತಂತೆ, ನಿಜಾನಾ?

ನಿಜ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ (ಇಂದಿನ ಇರಾಕ್) ಹಿಡಿದ ಒಟ್ಟೋಮನ್, ಅಂದರೆ ತುರ್ಕಿ ಸಾಮ್ರಾಜ್ಯದ ಸೈನಿಕರನ್ನು ಬಳ್ಳಾರಿಯಲ್ಲಿ ಇಟ್ಟಿದ್ದರು. 1917ರಲ್ಲಿ ರೆಡ್ ಕ್ರಾಸ್ ಪ್ರತಿನಿಧಿಗಳು ಭಾರತ, ಬರ್ಮಾದ ಕ್ಯಾಂಪುಗಳನ್ನು ನೋಡಿ ಬರೆದ ವರದಿಯಲ್ಲಿ ಬಳ್ಳಾರಿಯೂ ಇದೆ. ನಮ್ಮ ಹುಡುಗರು ಅವರ ನಾಡಿನ ಮರಳಿನಲ್ಲಿ ಕಲ್ಲು ಒಡೆಯುತ್ತಿದ್ದ ಕಾಲಕ್ಕೇ ಅವರ ಹುಡುಗರು ನಮ್ಮ ಗುಡ್ಡದ ಬಿಸಿಲಿನಲ್ಲಿ ಊರಿನ ಕಾಗದಕ್ಕೆ ಕಾಯುತ್ತಿದ್ದರು. ತುರ್ಕಿಯಿಂದಲೋ ಇರಾಕಿನಿಂದಲೋ ಯಾರಾದರೂ ಮುತ್ತಾತನನ್ನು ಕೇಳಿಕೊಂಡು ಬಂದರೆ ದಯವಿಟ್ಟು ಜೊತೆಗೆ ಓಡಾಡಿ ತೋರಿಸಿ.

## ತೊಡಕಿನ ಪ್ರಶ್ನೆಗಳು

ನಮ್ಮದು ಅಷ್ಟು ಹಳೇದಲ್ಲ, 1962, 1971ರದ್ದು. ದಾರಿ ಇದೇನಾ?

ಸ್ವಾತಂತ್ರ್ಯದ ನಂತರದ್ದಾದರೆ ದಾಖಲೆ ಕಚೇರಿಯೇ ಮುಖ್ಯ, ಕಡತ ಉಳಿದಿರುವ ಸಂಭವವೂ ಹೆಚ್ಚು. 1962ರಲ್ಲಿ ಚೀನಾ ಹಿಡಿದ ಸುಮಾರು 3,900 ಜನರನ್ನು 1963ರ ಹೊತ್ತಿಗೆ ಬಿಟ್ಟರು. 1971ರಲ್ಲಿ ಪಾಕಿಸ್ತಾನದಲ್ಲಿ ಸೆರೆಯಾದ ಸುಮಾರು 600 ಜನ 1972ರ ಡಿಸೆಂಬರಿನಲ್ಲಿ ವಾಘಾದಲ್ಲಿ ಗಡಿ ದಾಟಿ ಬಂದರು. ಬಾರದೆ ಉಳಿದವರೆಂದು 54 ಜನರ ಪಟ್ಟಿ 1979ರಲ್ಲಿ ಲೋಕಸಭೆಯ ಮುಂದೆ ಬಂತು. 2007ರಲ್ಲಿ ಕೆಲವರ ಮನೆಯವರು ಪಾಕಿಸ್ತಾನದ ಜೈಲುಗಳಿಗೆ ಹೋಗಿ ಹುಡುಕಿ ಬರಿಗೈಯಲ್ಲಿ ಮರಳಿದರು. ಆ ಮನೆಗಳ ನೋವಿನ ಮುಂದೆ ನನ್ನ ಸಲಹೆ ಸಣ್ಣದು.

ಹೊಲ ಇನ್ನೂ ಅವರ ಹೆಸರಲ್ಲೇ ಇದೆ. ಸತ್ತ ಪ್ರಮಾಣಪತ್ರ ಎಲ್ಲಿಂದ ತರೋಣ?

ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಬದುಕಿದ್ದಾರೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು ಎನ್ನುತ್ತದೆ ಕಾನೂನು. ಹಿಂದೆ ಸಾಕ್ಷ್ಯ ಕಾಯ್ದೆಯ 108ನೇ ಕಲಮು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111. ಸಿವಿಲ್ ಕೋರ್ಟಿನಲ್ಲಿ ಘೋಷಣೆ ಪಡೆದು ಆಮೇಲೆ ಪೌತಿ ಖಾತೆಗೆ ಹೋಗಬೇಕು. ದಾಖಲೆ ಕಚೇರಿಯ ಪತ್ರವೋ ಸಮಾಧಿ ಆಯೋಗದ ನಮೂದೋ ಕೈಯಲ್ಲಿದ್ದರೆ ಕೋರ್ಟಿನ ಕೆಲಸ ಹಗುರ. ನಿಮ್ಮ ವಕೀಲರಿಗೆ ಅದನ್ನು ಮೊದಲೇ ತೋರಿಸಿ.

ನಮ್ಮಪ್ಪ ಸೆರೆಯಿಂದ ವಾಪಸ್ ಬಂದ್ರು, ಸಾಯೋತನಕ ಒಂದು ಮಾತು ಆಡ್ಲಿಲ್ಲ. ಈಗ ಕೆದಕೋದು ಸರೀನಾ?

ಕೇಳಿದವರು ಸಿಂಧನೂರು ಕಡೆಯ ಎಪ್ಪತ್ತು ದಾಟಿದ ಹಿರಿಯರು. ಅಪ್ಪ ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಹೊಡೆಯುತ್ತಿದ್ದರು, ಆ ಸಿಟ್ಟು ಇವತ್ತಿಗೂ ಹೋಗಿಲ್ಲ ಎಂದು ಬರೆದಿದ್ದರು. ನಾನು ಅವರಿಗೆ ವೆವಾಕಿನ ವಿಚಾರಣೆಯ ನಾಲ್ಕು ಪುಟ ಓದಿ ಹೇಳಿದೆ, ಕೈದಿಗಳು ಹುಲ್ಲು ಬೇಯಿಸಿ ತಿಂದ ಭಾಗ. ಬಹಳ ಹೊತ್ತು ಸುಮ್ಮನಿದ್ದು ‘ಇನ್ನೂ ಇದ್ರೆ ಓದಪ್ಪಾ’ ಎಂದರು. ಸರಿಯೋ ತಪ್ಪೋ ಎಂದು ನಾನು ಹೇಳಲಾರೆ. ಮನೆಯಲ್ಲಿ ಅವರನ್ನು ಕಂಡ ಮಕ್ಕಳು ಇನ್ನೂ ಇದ್ದರೆ, ಅವರು ಬೇಕು ಎಂದರೆ, ಕೆದಕಿ.

ಸ್ಮಾರಕದ ಮೇಲೆ ಹೆಸರು ಸಿಕ್ಕಿದೆ. ಅಸ್ಥಿ ತರಬಹುದಾ? ಹೆಸರು ತಪ್ಪಿದ್ರೆ ತಿದ್ದಿಸಬಹುದಾ?

ಅಸ್ಥಿ ತರಲಾಗುವುದಿಲ್ಲ. ಸತ್ತವರು ಸತ್ತ ನೆಲದಲ್ಲೇ ಇರಬೇಕು ಎಂಬುದು ಆಯೋಗದ ಹಳೆಯ ನಿಯಮ, ದೊಡ್ಡವರು ಸಣ್ಣವರು ಎಂಬ ಭೇದವಿಲ್ಲದೆ. ನಮ್ಮವರಲ್ಲಿ ಅನೇಕರಿಗೆ ಸಮಾಧಿಯೂ ಇಲ್ಲ, ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಯಲ್ಲಿ 24,000ಕ್ಕೂ ಹೆಚ್ಚು ಹೆಸರುಗಳ ನಡುವೆ ಒಂದು ಹೆಸರು ಅಷ್ಟೇ. ನ್ಯೂ ಬ್ರಿಟನ್ನಿನಲ್ಲಿ ಸತ್ತವರಾದರೆ ರಬೌಲ್ ಹತ್ತಿರದ ಬಿಟಾ ಪಾಕಾ ಸ್ಮಶಾನವನ್ನು ನೋಡಿ, ಅಲ್ಲಿ ಭಾರತೀಯ ಕೈದಿಗಳ ಸಮಾಧಿಗಳಿವೆ.

ಹೆಸರು ತಿದ್ದಿಸಬಹುದು. ಲಾಂಗ್ ರೋಲಿನ ನಕಲು, ಹಳೆಯ ಪಿಂಚಣಿ ಕಾಗದ, ಶಾಲೆಯ ದಾಖಲೆ, ಯಾವುದಾದರೂ ಆ ಕಾಲದ ಸಾಕ್ಷಿ ಇಟ್ಟು ಬರೆದರೆ ಆಯೋಗ ಪರಿಶೀಲಿಸುತ್ತದೆ. ನಾನೂ ಬರೆದಿದ್ದೇನೆ. ಗೋಡೆಯ ಮೇಲಿನ ಉಲಿಗಪ್ಪನಿಗೆ ಹುಲಿಗಿಯ ದೇವಿ ಹುಲಿಗೆಮ್ಮನ ‘ಹ’ ವಾಪಸ್ ಕೊಡಿ ಎಂದು, ನಮ್ಮ ಸಣ್ಣ ತಾತ ಕಂಪ್ಲಿ ಕಡೆಯ ಶಾಲೆಯ ವಹಿಯಲ್ಲಿ ತಾವೇ ಹಾಕಿದ ಸಹಿಯ ಫೋಟೋ ಜೊತೆಗಿಟ್ಟು.